ಅಭಿನಂದನ ಗ್ರಂಥದಾಚೆಯ ಋಣ

ಪ್ರಾಧ್ಯಾಪಕರು ನಿವೃತ್ತರಾದರೆಂದರೆ ಒಂದು ವಿಚಾರ ಸಂಕಿರಣ, ಒಂದು ಅಭಿನಂದನ ಗ್ರಂಥ, ಶಾಲು, ಹಾರ, ಫಲತಾಂಬೂಲ. ಹಿರಿಯ ಕವಿ-ಪ್ರಾಧ್ಯಾಪಕರೊಬ್ಬರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ಯ ಕಾಲದಿಂದ ಕನ್ನಡ ನಾಡಿಗೆ ಈ ಪದ್ಧತಿ ಚಿರಪರಿಚಿತ. ಸಾಹಿತ್ಯದ ವಿದ್ವಾಂಸರಿಗೆ ಅದು ಒಪ್ಪುತ್ತದೆ. ಉದ್ಯಮ ನಿಯಂತ್ರಣ ಮತ್ತು ಸಾರ್ವಜನಿಕ ನೀತಿಯ ಅಧ್ಯಯನಕ್ಕೆ ಮೂರು-ನಾಲ್ಕು ದಶಕ ಕೊಟ್ಟವರನ್ನು ಗೌರವಿಸಲು ಅಷ್ಟು ಸಾಕೆ?

ಪರವಾನಗಿಯಿಂದ ಪ್ರಾಧಿಕಾರದತ್ತ

ಈ ಪೀಳಿಗೆ ಓದುತ್ತಿದ್ದಾಗ 1951ರ ಕೈಗಾರಿಕಾ ಕಾಯ್ದೆ, 1969ರ ಏಕಸ್ವಾಮ್ಯ ನಿರ್ಬಂಧ ಕಾಯ್ದೆಗಳದ್ದೇ ಕಾರುಬಾರು. ಕಾರ್ಖಾನೆ ಏನನ್ನು, ಎಷ್ಟು ತಯಾರಿಸಬೇಕೆಂಬುದು ದೆಹಲಿಯ ಕಡತದಲ್ಲಿ ತೀರ್ಮಾನವಾಗುತ್ತಿತ್ತು. 1991ರಲ್ಲಿ ಬಹುಪಾಲು ಪರವಾನಗಿಗಳು ರದ್ದಾದವು. ನಿಯಂತ್ರಣ ಮನೆ ಬದಲಾಯಿಸಿತು, ಅಷ್ಟೆ. ಷೇರುಪೇಟೆಗೆ 1992ರಲ್ಲಿ, ದೂರಸಂಪರ್ಕಕ್ಕೆ 1997ರಲ್ಲಿ, ಕರ್ನಾಟಕದ ವಿದ್ಯುತ್ತಿಗೆ 1999ರಲ್ಲಿ ಪ್ರತ್ಯೇಕ ಕಾಯ್ದೆಗಳು ಬಂದವು. ಏಕಸ್ವಾಮ್ಯ ಕಾಯ್ದೆಯ ಜಾಗವನ್ನು 2002ರ ಸ್ಪರ್ಧಾ ಕಾಯ್ದೆ ತುಂಬಿತು.

ಪಂಪ್‌ಸೆಟ್ಟಿನ ಅಂಕಿ

ಈ ವಿದ್ವತ್ತು ಎಂಥದ್ದೆಂದು ತಿಳಿಯಲು ರಾಜ್ಯದ ವಿದ್ಯುತ್ ದರ ಪರಿಷ್ಕರಣೆಯ ಯಾವುದಾದರೂ ಅರ್ಜಿ ತೆರೆದು ನೋಡಬೇಕು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಬಹಳಷ್ಟಕ್ಕೆ ಮೀಟರೇ ಇಲ್ಲ. ಹಾಗಾಗಿ ಅವು ಬಳಸಿದ ಯೂನಿಟ್ಟುಗಳ ಲೆಕ್ಕ ಬರೀ ಅಂದಾಜು. ಆ ಅಂದಾಜನ್ನು ತುಸು ಹಿಗ್ಗಿಸಿದರೆ ಕಳವು, ಸೋರಿಕೆಗಳೆಲ್ಲ ರೈತನ ಹೆಸರಿಗೆ ಜಮೆಯಾಗುತ್ತವೆ. ಕಾಗದದ ಮೇಲೆ ವಿತರಣಾ ನಷ್ಟ ಇಳಿಯುತ್ತದೆ, ಸಹಾಯಧನದ ಬಾಬ್ತು ಏರುತ್ತದೆ. ಅನುಬಂಧದ ಮೂಲೆಯಲ್ಲಿರುವ ಆ ಒಂದು ಸಾಲನ್ನು ಫೀಡರ್ ಮೀಟರಿನ ರೀಡಿಂಗಿನೊಂದಿಗೆ ತಾಳೆ ನೋಡಿ, ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಣೆ ಸಲ್ಲಿಸುವುದು ತಾಳ್ಮೆಯ ಕೆಲಸ. ಇಂಥ ಬರಹಕ್ಕೆ ಪ್ರಶಸ್ತಿ ಕೊಡುವ ಅಕಾಡೆಮಿ ನಮ್ಮಲ್ಲಿಲ್ಲ. ಅದು ಯಾವುದೋ ಕಡತದಲ್ಲಿ ಸೇರಿ ಮರೆಯಾಗುತ್ತದೆ.

ಎಷ್ಟು ಹತ್ತಿರ, ಎಷ್ಟು ದೂರ

ನಿವೃತ್ತಿಯ ನಂತರ ಇವರು ಕಂಪನಿಗಳ ಆಡಳಿತ ಮಂಡಳಿಗೆ, ಸರ್ಕಾರಿ ಸಮಿತಿಗಳಿಗೆ ಹೋಗಬೇಕೆಂಬ ವಾದವಿದೆ. ಒಳಗೆ ಕೂತು ನೋಡದೆ ಉದ್ಯಮದ ಒಳಸುಳಿ ಅರ್ಥವಾಗದು ಎಂಬುದು ಅದರ ಸಮರ್ಥನೆ. ನಿಯಂತ್ರಕರೇ ಉದ್ಯಮದ ಹಿಡಿತಕ್ಕೆ ಸಿಗುತ್ತಾರೆಂಬ, ಅಮೆರಿಕದ ಅರ್ಥಶಾಸ್ತ್ರಜ್ಞರೊಬ್ಬರು 1971ರಲ್ಲಿ ಮಂಡಿಸಿದ ವಾದ ವಿದ್ವಾಂಸರಿಗೂ ಅನ್ವಯಿಸುತ್ತದೆಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ. 2003ರ ವಿದ್ಯುತ್ ಕಾಯ್ದೆಯು ಆಯೋಗದ ಸದಸ್ಯರು ಅಧಿಕಾರ ಬಿಟ್ಟ ಮೇಲೆ 2 ವರ್ಷ ವಾಣಿಜ್ಯ ಉದ್ಯೋಗ ಹಿಡಿಯದಂತೆ ತಡೆಯುತ್ತದೆ; ಅವರಿಗೆ ಸಲಹೆ ಕೊಟ್ಟ ಪ್ರಾಧ್ಯಾಪಕರಿಗೆ ಆ ತಡೆಯಿಲ್ಲ. ತಡೆ ಬೇಕೆನ್ನುವುದು ಅತಿಯಾದೀತು. ಯಾವ ವರದಿಗೆ ಯಾರು ಹಣ ಕೊಟ್ಟರೆಂಬುದನ್ನು ಅಭಿನಂದನ ಗ್ರಂಥದ ಲೇಖನ ಸೂಚಿಯಲ್ಲೇ ಮುದ್ರಿಸಿದರೆ ಸಾಕು.

ಅದೇ ಗ್ರಂಥದಲ್ಲಿ ಅವರ ತೀರ್ಮಾನಗಳನ್ನು ಒಪ್ಪದವರ ಲೇಖನವೂ ಇರಲಿ. ಆಕ್ಷೇಪಣೆಗಳು, ಅಂಕಿಪಟ್ಟಿಗಳು ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಖರ್ಚಿರುವುದು ತೆರವಾದ ಹುದ್ದೆ ತುಂಬುವುದಕ್ಕೆ. ಅದನ್ನು ವರ್ಷಗಟ್ಟಲೆ ಖಾಲಿ ಬಿಟ್ಟು, ತರಗತಿಗಳನ್ನು ಅತಿಥಿ ಉಪನ್ಯಾಸಕರಿಗೆ ಹಂಚುವುದು ರೂಢಿಯಾಗಿದೆ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರು ಪಂಪ್‌ಸೆಟ್ಟಿನ ಅಂಕಿಯ ಬೆನ್ನು ಹತ್ತಲಿ ಎಂದು ನಿರೀಕ್ಷಿಸುವುದು ಸರಿಯಲ್ಲ.