ದನಗಳ ಕಣ್ಣಿನ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತಲಿನ ಒಕ್ಕಲುತನದ ಮನೆಗಳಿಂದ ಬಂದವರು. ಬೆಳಿಗ್ಗೆ ಹಿಂಡುವಾಗಲೂ ಸಂಜೆ ಮೇವು ಹಾಕುವಾಗಲೂ ದನದ ಮೋರೆಯನ್ನು ಹತ್ತಿರದಿಂದ ನೋಡುವವರು ಮನೆಯ ಹೆಣ್ಣುಮಕ್ಕಳೇ. ಆದದರಿಂದ ಈ ರೋಗವನ್ನು ಮೊದಲು ಗುರುತಿಸುವ ಅವಕಾಶವು ಅವರಿಗೇ ಉಂಟು. ಬೇಗನೆ ಗುರುತಿಸಿದರೆ ಕಣ್ಣು ಉಳಿಯುವದು. ತಡವಾದರೆ ಕಣ್ಣನ್ನು ಕೊಟ್ಟು ಜೀವವನ್ನು ಉಳಿಸಬೇಕಾಗುವದು. ಬಹಳ ತಡವಾದರೆ ಎರಡೂ ಹೋಗುವವು.

ಪ್ರಖರವಾದ ಬಿಸಿಲು ಈ ರೋಗದ ಮುಖ್ಯ ಕಾರಣಗಳಲ್ಲೊಂದು. ಕಣ್ಣಿನ ಸುತ್ತಲೂ ಕಪ್ಪು ಚರ್ಮವುಳ್ಳ ಖಿಲಾರಿಯಂಥ ದನಗಳಿಗಿಂತ, ಅಲ್ಲಿ ಬಿಳಿ ಇಲ್ಲವೆ ನಸುಗೆಂಪು ಚರ್ಮವುಳ್ಳ ಮಿಶ್ರತಳಿಯ ಆಕಳುಗಳಿಗೆ ಭಯವು ಹೆಚ್ಚು. ವಯಸ್ಸಾದಂತೆ ಅದು ಇನ್ನೂ ಹೆಚ್ಚುವದು. ಮೊದಲು ಕಣ್ಣುಗುಡ್ಡೆಯ ಅಂಚಿನಲ್ಲಾಗಲಿ ರೆಪ್ಪೆಯಲ್ಲಾಗಲಿ ಬಿಳಿಯ ದಪ್ಪ ಮಚ್ಚೆ ಕಾಣುವದು. ಅದು ನರೂಲಿಯಂತೆ ಬೆಳೆದು, ಕಡೆಗೆ ಹುಣ್ಣಾಗಿ ರಕ್ತ ಸೋರುವದು. ಕಣ್ಣಲ್ಲಿ ನೀರು ಬಂದದ್ದೆಲ್ಲ ಕ್ಯಾನ್ಸರಲ್ಲ. ಹುಳದಿಂದಲೂ ಕಸದಿಂದಲೂ ಹಾಗಾಗುವದುಂಟು. ನಿರ್ಣಯವು ಪಶುವೈದ್ಯರದು.

ಗಡ್ಡೆಯು ಚಿಕ್ಕದಿದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆಯುವರು. ಕಣ್ಣಿನ ಒಳಮೂಲೆಯ ಮೂರನೆಯ ರೆಪ್ಪೆಯಲ್ಲಿದ್ದರೆ ಆ ರೆಪ್ಪೆಯನ್ನೇ ತೆಗೆಯುವರು. ದ್ರವ ಸಾರಜನಕದಿಂದ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಕ್ರಮವೂ, ವಿಶೇಷ ಉಪಕರಣದಿಂದ ಸುಮಾರು 50 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಕೊಡುವ ಕ್ರಮವೂ ಉಂಟು. ಇವು ಚಿಕ್ಕ ಗಡ್ಡೆಗಳಿಗೆ ಮಾತ್ರ. ರೋಗವು ಕಣ್ಣನ್ನು ವ್ಯಾಪಿಸಿದ್ದರೆ, ಜಡತೆಯ ಮದ್ದು ಚುಚ್ಚಿ ಕಣ್ಣುಗುಡ್ಡೆಯನ್ನು ಪೂರ್ತಿಯಾಗಿ ತೆಗೆದು ರೆಪ್ಪೆಗಳನ್ನು ಹೊಲಿಯುವರು. ಸುಮಾರು ಎರಡು ವಾರಗಳಲ್ಲಿ ಹೊಲಿಗೆ ಬಿಚ್ಚುವರು. ಕಿವಿಯ ಕೆಳಗೆ ಗಂಟು ಕಂಡರೆ ರೋಗವು ಹರಡಿರಬಹುದು. ಎಲುಬಿಗೂ ಇಳಿದಿದ್ದರೆ ಗುಣವಾಗುವ ಆಸೆ ಕಡಿಮೆ. ಆಗ ನೋವನ್ನು ತಗ್ಗಿಸುವದೇ ದಯೆ.

ಒಂದು ಕಣ್ಣು ಹೋದ ಆಕಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ಅದು ಮೇಯುವದು, ಕರು ಹಾಕುವದು, ಹಾಲು ಕೊಡುವದು. ಕಾಣದ ಬದಿಯಿಂದ ಹೋಗುವವರು ದನಿ ಮಾಡಿ ಸಮೀಪಿಸಿದರೆ ಸಾಕು. ಔಷಧ ನಡೆದಿರುವಾಗ ಹಾಲನ್ನು ಎಷ್ಟು ದಿನ ಬಿಡಬೇಕೆಂಬದನ್ನು ವೈದ್ಯರನ್ನೇ ಕೇಳಬೇಕು. ಗುಣವಾದ ಮೇಲೆಯೂ ರೋಗವು ಮರುಕಳಿಸಬಹುದಾದ್ದರಿಂದ ಎರಡೂ ಬದಿಗಳನ್ನು ಆಗಾಗ ನೋಡುತ್ತಿರಬೇಕು. ಮಧ್ಯಾಹ್ನದಲ್ಲಿ ನೆರಳಿಗೆ ಕಟ್ಟಬೇಕು.

ಕಣ್ಣಿಗೆ ಸುಣ್ಣ ಹಚ್ಚುವದು, ಗಿಡದ ಹಾಲು ಹಿಂಡುವದು, ಕಾದ ಕಬ್ಬಿಣದಿಂದ ಬರೆ ಹಾಕುವದು ಕ್ರೂರವೂ ನಿಷ್ಫಲವೂ ಆದವು. ಗುಣವಾಗಬಹುದಾದ ದಿನಗಳು ಅದರಲ್ಲಿಯೇ ಕಳೆದುಹೋಗುವವು. ಮಚ್ಚೆ ಕಂಡ ವಾರದಲ್ಲಿಯೇ ಪಶು ದವಾಖಾನೆಗೆ ಹೋಗಿರಿ, ಇಲ್ಲವೆ 1962 ಸಂಖ್ಯೆಗೆ ದೂರವಾಣಿ ಮಾಡಿರಿ. ತನ್ನ ನೋವನ್ನು ಹೇಳಲಾರದ ಪ್ರಾಣಿಯನ್ನು ದೇವರು ನಮ್ಮ ಕೈಗೆ ಒಪ್ಪಿಸಿದ್ದಾನೆ. ಅದರ ಪರವಾಗಿ ನೋಡುವದೂ ಮಾತಾಡುವದೂ ನಮ್ಮ ಪಾಲಿನ ಕೆಲಸ.