ಎಂಟು ಸಾವಿರ ಟನ್ನಿನ ಲೆಕ್ಕ

ಬ್ರಿಟಿಷರ ಹಳೇ ಹಡಗು ಕೊಂಡು ‘ಐಎನ್‌ಎಸ್ ಮೈಸೂರು’ ಅಂತ ಹೆಸರಿಟ್ಟರು, ಅದರಲ್ಲಿ ವಿಜ್ಞಾನ ಎಲ್ಲಿಂದ ಬಂತು ಎಂದು ಮಳಖೇಡದ ಓದುಗರೊಬ್ಬರು ಕೇಳಿದ್ದಾರೆ. ಮೈಸೂರು ಎಂಬ ಹೆಸರು ಆಗ ಅವರ ಊರಿಗೂ ಹೊಸದೇ. ಹೈದರಾಬಾದ್ ರಾಜ್ಯದಲ್ಲಿದ್ದ ಮಳಖೇಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಆಗಸ್ಟ್ 29ರಂದು ‘ಎಚ್‌ಎಂಎಸ್ ನೈಜೀರಿಯಾ’ ನಮ್ಮ ನೌಕಾಪಡೆಯ ‘ಮೈಸೂರು’ ಆಯಿತು.

ಈ ಹಡಗಿನ ಆಕಾರ ತೀರ್ಮಾನವಾದದ್ದು ಒಂದು ಕಾಗದದ ಮೇಲೆ. 1936ರ ಲಂಡನ್ ನೌಕಾ ಒಪ್ಪಂದದ ಪ್ರಕಾರ ಇಂಥ ಹೊಸ ಕ್ರೂಸರ್ ಯುದ್ಧನೌಕೆ 8,000 ಟನ್ ಮೀರುವಂತಿರಲಿಲ್ಲ. ಅದಕ್ಕೆ ಮೊದಲು 9,100 ಟನ್ನಿನ ಹಡಗಿನಲ್ಲಿ ಆರಂಗುಲದ ಹನ್ನೆರಡು ತೋಪು ಕೂರಿಸುತ್ತಿದ್ದ ಬ್ರಿಟಿಷ್ ವಿನ್ಯಾಸಕಾರರು, ಒಂದು ತೋಪನ್ನೂ ಬಿಡದೆ ಅಷ್ಟನ್ನೂ ಈ ಚಿಕ್ಕ ಒಡಲಿಗೆ ತುರುಕಿದರು. ಕಾಗದದ ಮಟ್ಟಿಗೆ ಲೆಕ್ಕ ಸರಿಹೋಯಿತು. 1938ರಲ್ಲಿ ನಿರ್ಮಾಣ ಶುರು, 1940ರಲ್ಲಿ ಸೇವೆ. ಆಮೇಲೆ ಯುದ್ಧ ತನ್ನ ಲೆಕ್ಕ ಹೇಳಿತು: ರೇಡಾರ್ ಬೇಕು, ವಿಮಾನ ಹೊಡೆಯುವ ತೋಪು ಬೇಕು, ಅವನ್ನು ನಡೆಸಲು ಇನ್ನಷ್ಟು ಜನ ಬೇಕು. ಇವುಗಳಲ್ಲಿ ಬಹುಪಾಲು ಏರಿದ್ದು ಡೆಕ್ಕಿನ ಮೇಲಕ್ಕೇ.

ಶಹಾಬಾದದ ಫರ್ಸಿ ಹೇರಿದ ಲಾರಿಯನ್ನು ನೆನೆಯಿರಿ. ಕಲ್ಲು ತಳದಲ್ಲಿ ಹರಡಿದ್ದರೆ ವಾಡಿಯ ತಿರುವಿನಲ್ಲೂ ಚಾಲಕ ನಿಶ್ಚಿಂತ. ಅದೇ ಕಲ್ಲನ್ನು ಎತ್ತರಕ್ಕೆ ಒಟ್ಟಿದರೆ ತೂಕ ಒಂದು ಕಿಲೋ ಹೆಚ್ಚದಿದ್ದರೂ ಲಾರಿ ವಾಲುತ್ತದೆ, ಗುರುತ್ವಕೇಂದ್ರ ಮೇಲೇರಿರುತ್ತದಲ್ಲ. ಹಡಗಿಗೆ ಕಾಲೂರಲು ರಸ್ತೆಯೂ ಇಲ್ಲ. ವಾಲಿದ ಕಡೆ ಹೆಚ್ಚು ಮುಳುಗಿದ ಒಡಲನ್ನು ನೀರು ಮೇಲಕ್ಕೆ ಒತ್ತುವುದರಿಂದಷ್ಟೇ ಅದು ಮತ್ತೆ ನೆಟ್ಟಗಾಗುತ್ತದೆ. ಮೇಲಿನ ಭಾರ ಹೆಚ್ಚಿದಷ್ಟೂ ಆ ಒತ್ತಿನ ಫಲ ಕಡಿಮೆ. ಒಂದು ಪರಿಹಾರ, ಮೇಲಿನದನ್ನು ಇಳಿಸುವುದು. ನೂರು ಟನ್ನಿಗೂ ಮೀರಿದ, ಮೂರು ತೋಪುಗಳ ಒಂದು ಗೋಪುರವನ್ನೇ ಕಿತ್ತರು. ಭಾರತಕ್ಕೆ ಬಂದಾಗ ಉಳಿದಿದ್ದವು ಒಂಬತ್ತು ತೋಪು.

ಹಡಗಿನ ಇತಿಹಾಸ ಬರೆಯುವವರು ಇಟಲಿಯ ‘ಆಕ್ಸುಂ’ ಜಲಾಂತರ್ಗಾಮಿಯ ಏಟನ್ನೇ ವರ್ಣಿಸುತ್ತಾರೆ. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿದ್ದಾಗ ಟಾರ್ಪಿಡೊ ಬಡಿದು 52 ಮಂದಿ ಸತ್ತರು, ಹಡಗು ಉಳಿಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1941ರ ಜೂನ್. ‘ಲಾವೆನ್‌ಬುರ್ಗ್’ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದ ದಂಡಿನಲ್ಲಿ ನೈಜೀರಿಯಾ ಇತ್ತು. ಅಲ್ಲಿ ಸಿಕ್ಕ, ಜರ್ಮನರ ಗುಪ್ತಲಿಪಿ ಯಂತ್ರ ಎನಿಗ್ಮಾದ ಕಾಗದಗಳು, ಆ ಲಿಪಿ ಭೇದಿಸುತ್ತಿದ್ದ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನ ಗಣಿತಜ್ಞರ ಕೈಸೇರಿದವು.

ಹೊಸ ಹೆಸರಿನಲ್ಲಿ ಈ ಹಡಗಿನ ತೋಪು ಗುಡುಗಿದ್ದು ನಮ್ಮ ಕಾರವಾರದ ಪಕ್ಕದಲ್ಲೇ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರಿಂದ ಅಂಜದೀವ ದ್ವೀಪ ಬಿಡಿಸುವ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆಯ ‘ತ್ರಿಶೂಲ್’ ಹಡಗಿನ ಜೊತೆ ‘ಮೈಸೂರು’ ಇತ್ತು. 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆ. ಆದರೆ ಆ ಡಿಸೆಂಬರ್‌ನಲ್ಲಿ ಕರಾಚಿಯ ಎದುರು ಪಾಕಿಸ್ತಾನದ ಹಡಗುಗಳನ್ನು ಮುಳುಗಿಸಿದ್ದು ಸುಮಾರು 200 ಟನ್ನಿನ ಕ್ಷಿಪಣಿ ದೋಣಿಗಳು.