ಕಾರು ಏಕೆ ಕೇಳಿಸಿಕೊಳ್ಳುವುದಿಲ್ಲ? ರಿಮೋಟ್ ಕೀ ಮತ್ತು ರೇಡಿಯೊ ಅಡಚಣೆ: ಒಂಬತ್ತನೇ ತರಗತಿಯ ಪಾಠಕ್ಕೊಂದು ವಿಸ್ತರಣೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಅಧ್ಯಾಯ ಮುಗಿಯುವ ಹೊತ್ತಿಗೆ ಆವೃತ್ತಿ, ತರಂಗದೂರ, ವೇಗ ಈ ಮೂರರ ಸಂಬಂಧ ಮಕ್ಕಳಿಗೆ ತಿಳಿದಿರುತ್ತದೆ. ಸೂತ್ರ ಬರೆದು ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ಈ ಕಲಿಕೆ ಶ್ರುತಿಕವೆಯನ್ನು ಬಿಟ್ಟು ಬೀದಿಗೆ ಬರುವುದು ಕಡಿಮೆ. ದೊಮ್ಮಲೂರಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಆ ಅಧ್ಯಾಯದ ‘ವಿಸ್ತರಣೆ’ ಹಂತಕ್ಕೆ ನಾನು ಕಾರಿನ ರಿಮೋಟ್ ಕೀಯನ್ನು ಆರಿಸಿಕೊಂಡೆ. ಆ ಪಾಠಕ್ಕೆ ಬೇಕಾದ ವಿಷಯಾಂಶ, ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆ, ಮಕ್ಕಳಲ್ಲಿ ಕಂಡ ತಪ್ಪು ಕಲ್ಪನೆ ಇವನ್ನು ಇಲ್ಲಿ ಕೊಟ್ಟಿದ್ದೇನೆ.

ಈ ವಿಷಯ ಆರಿಸಿದ್ದಕ್ಕೆ ಕಾರಣ ಸರಳ. ನನ್ನ ತರಗತಿಯ ಮಕ್ಕಳಲ್ಲಿ ಅನೇಕರ ತಂದೆಯಂದಿರು ಡ್ರೈವರ್, ಮೆಕ್ಯಾನಿಕ್, ಅಪಾರ್ಟ್‌ಮೆಂಟ್ ಸೆಕ್ಯುರಿಟಿ. ಕಾರು ಅವರದಲ್ಲದಿದ್ದರೂ ಕೀ ದಿನವಿಡೀ ಅವರ ಕೈಯಲ್ಲಿರುತ್ತದೆ. ಹೀಗಾಗಿ ‘ಕೆಲವು ಕಡೆ ರಿಮೋಟ್ ಹಿಡಿಯಲ್ಲ’ ಎಂಬ ಅನುಭವ ಮಕ್ಕಳ ಮನೆಯಲ್ಲಿ ಆಗಲೇ ಇತ್ತು. ಅದಕ್ಕೆ ಕಾರಣವೇನೆಂದು ಕೇಳಿದಾಗ ಮೂರು ಉತ್ತರ ಬಂದವು: ಮೊಬೈಲ್ ಟವರ್, ಮಿಲಿಟರಿಯವರ ವೈರ್‌ಲೆಸ್, ಎಚ್‌ಎಎಲ್ ವಿಮಾನ ನಿಲ್ದಾಣ. ಮೂರೂ ದೊಮ್ಮಲೂರಿನ ಸುತ್ತ ಕಣ್ಣಿಗೆ ಕಾಣುವಂಥವು. ಕಾಣುವುದನ್ನೇ ಕಾರಣವೆಂದುಕೊಳ್ಳುವುದು ಸಹಜ. ಅಲ್ಲಿಂದ ಮುಂದೆ ‘ಹೌದೋ ಅಲ್ಲವೋ ಹೇಗೆ ಗೊತ್ತುಮಾಡುವುದು?’ ಎಂಬ ಪ್ರಶ್ನೆಗೆ ಮಕ್ಕಳನ್ನು ತರುವುದು ಈ ಪಾಠದ ಗುರಿ.

ಕೀ ಏನು ಹೇಳುತ್ತದೆ, ಕಾರು ಹೇಗೆ ಕೇಳುತ್ತದೆ

ರಿಮೋಟ್ ಕೀಯೊಳಗೆ ಗುಂಡಿಯಾಕಾರದ ಒಂದು ಬ್ಯಾಟರಿ ಮತ್ತು ಒಂದು ಪುಟ್ಟ ರೇಡಿಯೊ ಪ್ರೇಷಕ ಇರುತ್ತವೆ. ಕಾರಿನೊಳಗೆ ರಿಸೀವರ್ ಇರುತ್ತದೆ. ನಮ್ಮಲ್ಲಿ ಮತ್ತು ಯುರೋಪಿನಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಆವೃತ್ತಿ ಬಳಕೆಯಲ್ಲಿದೆ, ಅಮೆರಿಕ ಮತ್ತು ಜಪಾನಿನಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು 433.92 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದೂರ ಸುಮಾರು 69 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಮೊಳ. ಹೋಲಿಕೆಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ತರಂಗದೂರ ಸುಮಾರು 490 ಮೀಟರ್, 101.3 ಮೆಗಾಹರ್ಟ್ಸ್‌ನ ಎಫ್‌ಎಂ ರೇನ್‌ಬೋದು ಸುಮಾರು 3 ಮೀಟರ್. ಈ ಮೂರು ಲೆಕ್ಕಗಳನ್ನು ಮಕ್ಕಳೇ ಬಿಡಿಸಬಲ್ಲರು.

ಗುಂಡಿ ಒತ್ತಿದಾಗ ಕೀ ಹಲವಾರು ಬಿಟ್‌ಗಳ ಒಂದು ಸಂಕೇತವನ್ನು ಕಳಿಸುತ್ತದೆ. ಈಗಿನ ಕೀಗಳಲ್ಲಿ ಸಂಕೇತ ಪ್ರತಿ ಒತ್ತುವಿಕೆಗೂ ಬದಲಾಗುತ್ತದೆ. ಮುಂದಿನ ಸಂಕೇತ ಯಾವುದಿರಬೇಕೆಂದು ಕಾರಿಗೂ ಗೊತ್ತಿರುತ್ತದೆ. ಯಾರಾದರೂ ಹಳೆಯ ಸಂಕೇತವನ್ನು ಹಿಡಿದಿಟ್ಟು ಮತ್ತೆ ಕಳಿಸಿದರೆ ಕಾರು ಒಪ್ಪದು. ಇದು ಭದ್ರತೆಗೆ ಒಳ್ಳೆಯದು, ಆದರೆ ಇದರಿಂದ ಕಾರಿನ ಶಿಸ್ತೂ ಬಿಗಿ: ಸಂಕೇತದಲ್ಲಿ ಒಂದು ಬಿಟ್ ಕೆಟ್ಟರೂ ಪೂರ್ತಿ ಸಂದೇಶ ತಿರಸ್ಕೃತ. ಫೋನಿನಲ್ಲಿ ಮಾತು ಗೊರಗೊರ ಎಂದರೂ ನಾವು ಅರ್ಥ ಊಹಿಸುತ್ತೇವೆ. ಕಾರು ಊಹಿಸುವುದಿಲ್ಲ.

ಕೀಯ ಸಾಮರ್ಥ್ಯ ಬಹಳ ಸಣ್ಣದು. ಬಯಲಿನಲ್ಲಿ ದೂರ ಎರಡರಷ್ಟಾದರೆ ತಲುಪುವ ಶಕ್ತಿ ನಾಲ್ಕನೇ ಒಂದು ಪಾಲಾಗುತ್ತದೆ. 5 ಮೀಟರ್ ದೂರದಿಂದ 20 ಮೀಟರ್‌ಗೆ ಹೋದರೆ ಹದಿನಾರನೇ ಒಂದು ಪಾಲು. ಆ ಹೊತ್ತಿಗೆ ಅದೇ ಆವೃತ್ತಿಯಲ್ಲಿ ಇನ್ನೊಂದು ಸಾಧನ ಕಾರಿನ ಹತ್ತಿರ ಬಿಡದೆ ಪ್ರಸಾರ ಮಾಡುತ್ತಿದ್ದರೆ ಕೀಯ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಇದೇ ರೇಡಿಯೊ ಅಡಚಣೆ.

ಒಂದು ಇಂಗ್ಲಿಷ್ ಪದ, ಎರಡು ಕನ್ನಡ ಪದ

ಇಂಗ್ಲಿಷಿನಲ್ಲಿ ‘ಇಂಟರ್‌ಫಿಯರೆನ್ಸ್’ ಎಂಬ ಒಂದೇ ಪದ ಎರಡು ಬೇರೆ ವಿಷಯಗಳಿಗೆ ಬಳಕೆಯಾಗುತ್ತದೆ. ಕನ್ನಡದಲ್ಲಿ ಪಾಠ ಮಾಡುವ ನಮಗೆ ಇಲ್ಲೊಂದು ಅನುಕೂಲವಿದೆ. ಒಂದೇ ಮೂಲದ ತರಂಗಗಳು ಬೇರೆ ಬೇರೆ ದಾರಿಯಲ್ಲಿ ಬಂದು ಕೂಡಿಕೊಂಡು ಕೆಲವೆಡೆ ಹೆಚ್ಚಾಗಿ ಕೆಲವೆಡೆ ಕುಗ್ಗುವುದು ‘ವ್ಯತಿಕರಣ’. ಬೇರೊಂದು ಮೂಲದ ತರಂಗ ನಮಗೆ ಬೇಕಾದದ್ದನ್ನು ಮರೆಮಾಡುವುದು ‘ಅಡಚಣೆ’.

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎರಡೂ ನಡೆಯಬಹುದು. ಕೀಯ ತರಂಗ ನೇರವಾಗಿಯೂ ಗೋಡೆ, ಕಂಬ, ಪಕ್ಕದ ಕಾರಿಗೆ ಬಡಿದೂ ಬರುತ್ತದೆ. ಹೀಗೆ ಕೂಡಿದಾಗ ಕೆಲವು ಬಿಂದುಗಳಲ್ಲಿ ಸಂಕೇತ ಕುಗ್ಗುತ್ತದೆ. ಗೋಡೆಗೆ ಬಡಿದು ಹಿಂದಿರುಗುವ ತರಂಗದ ಸಂದರ್ಭದಲ್ಲಿ ಗರಿಷ್ಠದಿಂದ ಕನಿಷ್ಠಕ್ಕೆ ಇರುವ ಅಂತರ ತರಂಗದೂರದ ಕಾಲುಭಾಗ, ಅಂದರೆ 17 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ನಿಂತ ಜಾಗದಿಂದ ಒಂದು ಗೇಣು ಸರಿದು ಒತ್ತಿದಾಗ ಕಾರು ತೆರೆದರೆ ಅದು ವ್ಯತಿಕರಣವಿರಬಹುದು. ಆ ಭಾಗದಲ್ಲಿ ಎಲ್ಲಿ ನಿಂತರೂ ಹಿಡಿಯದಿದ್ದರೆ ಅಡಚಣೆಯನ್ನು ಅನುಮಾನಿಸಬೇಕು. ಎರಡರಲ್ಲೂ ತರಂಗಗಳು ‘ಡಿಕ್ಕಿ ಹೊಡೆದು ಸಾಯುವುದಿಲ್ಲ’. ಅವು ಒಂದನ್ನೊಂದು ದಾಟಿ ಮುಂದೆ ಸಾಗುತ್ತವೆ. ಈ ತಪ್ಪು ಕಲ್ಪನೆ ನನ್ನ ತರಗತಿಯಲ್ಲಿ ಬಹಳ ಮಂದಿಯಲ್ಲಿತ್ತು.

ಒಂದೇ ಲಕ್ಷಣ, ಬೇರೆ ಬೇರೆ ಕಾರಣ

ಮಕ್ಕಳ ಊಹೆಗಳನ್ನು ತಳ್ಳಿಹಾಕದೆ ಜಗತ್ತಿನಲ್ಲಿ ನಡೆದ ಎರಡು ಘಟನೆಗಳ ಪಕ್ಕ ಇಟ್ಟೆ.

ಮೊದಲನೆಯದು, 2004ರ ಸುಮಾರಿಗೆ ಅಮೆರಿಕದ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯ ಸುತ್ತ ನಡೆದದ್ದು. ಮನೆಗಳ ಗ್ಯಾರೇಜ್ ಬಾಗಿಲಿನ ರಿಮೋಟ್‌ಗಳು ಕೆಲಸ ನಿಲ್ಲಿಸಿದವು. ಸೇನೆ ಹೊಸದಾಗಿ ಬಳಸತೊಡಗಿದ ರೇಡಿಯೊಗಳು 380ರಿಂದ 399.9 ಮೆಗಾಹರ್ಟ್ಸ್ ಪಟ್ಟಿಯಲ್ಲಿದ್ದವು, ಬಾಗಿಲಿನ ರಿಮೋಟ್‌ಗಳಲ್ಲಿ ಅನೇಕವು 390ರಲ್ಲಿ. ಅಲ್ಲಿ ಮಿಲಿಟರಿ ರೇಡಿಯೊ ಕಾರಣವೆಂಬ ಊಹೆ ಸರಿಯಾಗಿತ್ತು.

ಎರಡನೆಯದು 2019ರಲ್ಲಿ ಅದೇ ದೇಶದ ಒಹಾಯೊದ ನಾರ್ತ್ ಓಲ್ಮ್‌ಸ್ಟೆಡ್‌ನಲ್ಲಿ. ಕೆಲವು ಬೀದಿಗಳ ಕಾರಿನ ಕೀ ಮತ್ತು ಗ್ಯಾರೇಜ್ ರಿಮೋಟ್‌ಗಳು ವಾರಗಟ್ಟಲೆ ಕೈಕೊಟ್ಟವು. ಜನ ದೊಡ್ಡ ದೊಡ್ಡ ಕಾರಣಗಳನ್ನು ಊಹಿಸಿದರು. ಸಂಕೇತ ಎಲ್ಲಿ ಬಲವಾಗಿದೆಯೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಮನೆ. ಮಹಡಿಯ ಮೇಲೆ ಯಾರಾದರೂ ಇದ್ದರೆ ತಿಳಿಯಲೆಂದು ಆ ಮನೆಯವರು ಹವ್ಯಾಸಕ್ಕಾಗಿ ಮಾಡಿಕೊಂಡ ಸಾಧನ 315 ಮೆಗಾಹರ್ಟ್ಸ್‌ನಲ್ಲಿ ಬಿಡದೆ ಪ್ರಸಾರ ಮಾಡುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಕೀ ಕೆಲಸ ಮಾಡದಿರುವುದನ್ನಷ್ಟೇ ನೋಡಿ ಇದು ಎಗ್ಲಿನ್ ಬಗೆಯದೋ ಓಲ್ಮ್‌ಸ್ಟೆಡ್ ಬಗೆಯದೋ ಹೇಳಲಾಗದು. 433 ಮೆಗಾಹರ್ಟ್ಸ್ ಸುತ್ತ ಇರುವವರೂ ಹಲವರು: ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟ್ ರಿಮೋಟ್, ಮನೆಯ ಕಳ್ಳಗಂಟೆಯ ಸೆನ್ಸರ್, ಕೆಲವು ಕಾರುಗಳ ಟೈರ್ ಒತ್ತಡದ ಸೆನ್ಸರ್. ಪಕ್ಕದ 434ರಿಂದ 438 ಮೆಗಾಹರ್ಟ್ಸ್ ಪಟ್ಟಿ ಭಾರತದಲ್ಲಿ ಹ್ಯಾಮ್ ರೇಡಿಯೊದವರದು. ಮಕ್ಕಳ ಮೊದಲ ಆರೋಪಿ ಮೊಬೈಲ್ ಟವರ್ ಇರುವುದು 700 ಮೆಗಾಹರ್ಟ್ಸ್ ಮತ್ತು ಅದಕ್ಕಿಂತ ಮೇಲೆ, ಕೀಯ ಆವೃತ್ತಿಯಿಂದ ದೂರ. ತೀರಾ ಹತ್ತಿರದ ಪ್ರಬಲ ಪ್ರೇಷಕ ಅಗ್ಗದ ರಿಸೀವರ್ ಅನ್ನು ಮಂಕು ಮಾಡಬಹುದು ನಿಜ, ಆದರೆ ಟವರ್ ಕಂಡಿತೆಂಬ ಮಾತ್ರಕ್ಕೆ ಅದು ಸಾಬೀತಾಗದು.

ಬೇಕೆಂದೇ ಮಾಡುವ ಅಡಚಣೆಯೂ ಉಂಟು. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಮೊಬೈಲ್ ತಡೆಯಲು ಹಾಕಿದ ಜಾಮರ್‌ನಿಂದ ಸುತ್ತಲಿನ ಮನೆಗಳಲ್ಲೂ ಸಿಗ್ನಲ್ ಸಿಗುತ್ತಿಲ್ಲವೆಂದು ಅಲ್ಲಿನ ನಿವಾಸಿಗಳು ದೂರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ತರಂಗಕ್ಕೆ ಕಾಂಪೌಂಡ್ ಗೋಡೆ ಗೊತ್ತಿಲ್ಲ ಎಂಬುದಕ್ಕೆ ಇದು ನಮ್ಮೂರಿನದೇ ಉದಾಹರಣೆ. ಖಾಸಗಿ ವ್ಯಕ್ತಿಗಳು ಜಾಮರ್ ಬಳಸುವುದು ಕಾನೂನುಬಾಹಿರ ಎಂಬುದನ್ನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಲಾಕ್ ಸಂಕೇತವನ್ನು ತಡೆದು ಕಾರಿನೊಳಗಿನದನ್ನು ಕದಿಯುವವರೂ ಇರುವುದರಿಂದ, ಗುಂಡಿ ಒತ್ತಿದ ಮೇಲೆ ಒಮ್ಮೆ ಬಾಗಿಲಿನ ಹಿಡಿ ಎಳೆದು ನೋಡುವುದು ಒಳ್ಳೆಯ ಅಭ್ಯಾಸ.

ಕೀ, ಕಾಲಿಂಗ್ ಬೆಲ್‌ನಂಥ ಕಡಿಮೆ ಸಾಮರ್ಥ್ಯದ ಸಾಧನಗಳಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಅವುಗಳಿಗೆ ರಕ್ಷಣೆಯೂ ಇಲ್ಲ. ಇತರರಿಗೆ ಅಡಚಣೆ ಮಾಡಬಾರದು, ತಮಗೆ ಆಗುವ ಅಡಚಣೆಯನ್ನು ಸಹಿಸಬೇಕು ಎಂಬುದೇ ನಿಯಮ.

ಅಲಾರಂ ಕೂಗಿದರೆ?

ದೀಪಾವಳಿಯಲ್ಲಿ ಲಕ್ಷ್ಮೀ ಪಟಾಕಿ ಸಿಡಿದಾಗ ಬೀದಿಯ ಕಾರುಗಳೆಲ್ಲ ಕೂಗುವುದನ್ನು ಮಕ್ಕಳು ನೋಡಿದ್ದಾರೆ. ಅದು ರೇಡಿಯೊದಿಂದಲ್ಲ, ಕಂಪನ ಸೆನ್ಸರ್‌ನಿಂದ. ಅಡಚಣೆಯ ಸಾಮಾನ್ಯ ಪರಿಣಾಮ ಅಲಾರಂ ಕೂಗಿಸುವುದಲ್ಲ, ಕೂಗುತ್ತಿರುವುದನ್ನು ನಿಲ್ಲಿಸಲಾಗದಂತೆ ಮಾಡುವುದು. ರಿಮೋಟ್ ಹಿಡಿಯದೆ ಲೋಹದ ಕೀಲಿಯಿಂದ ಬಾಗಿಲು ತೆರೆದರೆ ಕೆಲವು ಕಾರುಗಳು ಕಳ್ಳನೆಂದು ತಿಳಿದು ಕೂಗುತ್ತವೆ. ಅಂಥ ಅನೇಕ ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದರೆ, ಅಥವಾ ಸ್ಟಾರ್ಟ್ ಬಟನ್‌ಗೆ ಕೀಯನ್ನು ತಾಗಿಸಿ ಹಿಡಿದರೆ ಅಲಾರಂ ನಿಲ್ಲುತ್ತದೆ. ಕೀಯೊಳಗಿನ ಗುರುತಿನ ಚಿಪ್ ತೀರಾ ಹತ್ತಿರದಿಂದ, ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುವುದರಿಂದ ಇದು ಸಾಧ್ಯ.

ತರಗತಿಯ ಚಟುವಟಿಕೆಗಳು

1. ಪಿಸುಮಾತಿನ ಸಂಕೇತ: ಒಬ್ಬ ವಿದ್ಯಾರ್ಥಿ ಎಂಟು ಅಂಕಿಗಳನ್ನು ಮೆಲ್ಲಗೆ ಹೇಳಬೇಕು, ಇನ್ನೊಬ್ಬರು ಎದುರು ಮೂಲೆಯಲ್ಲಿ ಬರೆದುಕೊಳ್ಳಬೇಕು. ಬಳಿಕ ಬರೆಯುವವರ ಪಕ್ಕ ಒಬ್ಬರು ಬೇರೆ ಅಂಕಿಗಳನ್ನು ಬಿಡದೆ ಓದಬೇಕು. ಒಂದು ಅಂಕಿ ತಪ್ಪಿದರೂ ‘ಬಾಗಿಲು ತೆರೆಯದು’. ಹೇಳುವವರು ಹತ್ತಿರ ಬಂದಂತೆ ಏನಾಗುತ್ತದೆಂದು ದಾಖಲಿಸಲಿ.

2. ರೇಡಿಯೊ ಗೊರಗೊರ: ಎಎಂ ರೇಡಿಯೊವನ್ನು ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಮಿಕ್ಸಿಗಳ ಹತ್ತಿರ ಒಯ್ದು ಸದ್ದಿನ ವ್ಯತ್ಯಾಸ ಕೇಳುವುದು. ರೇಡಿಯೊ ಪ್ರೇಷಕವೇ ಅಲ್ಲದ ವಸ್ತುವೂ ಅಡಚಣೆ ಮಾಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

3. ಫಾಯಿಲ್ ಹೊದಿಕೆ: ಶಿಕ್ಷಕರ ಫೋನನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸಂದಿಯಿಲ್ಲದಂತೆ ಎರಡು ಮೂರು ಸುತ್ತು ಸುತ್ತಿ ಕರೆ ಮಾಡುವುದು. ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು ಹೋಲಿಸಬಹುದು. ಮುಚ್ಚಳದ ಸಂದಿಯಿಂದ ತರಂಗ ನುಸುಳಬಹುದಾದ್ದರಿಂದ ಫಲಿತಾಂಶ ಬೇರೆ ಬರಬಹುದು, ಅದೇ ಚರ್ಚೆಗೆ ವಸ್ತು.

ಮೊದಲ ಚಟುವಟಿಕೆಯ ನಂತರ ಒಂದು ಎಚ್ಚರಿಕೆ ಅಗತ್ಯ. ‘ಶಬ್ದ’ ಅಧ್ಯಾಯದ ಬೆನ್ನಿಗೇ ಬಂದ ಪಾಠವಾದ್ದರಿಂದ ರೇಡಿಯೊ ತರಂಗವೂ ಕೇಳಿಸದ ಶಬ್ದವೇ ಎಂದು ಮಕ್ಕಳು ತಿಳಿಯುತ್ತಾರೆ. ಇದನ್ನು ತಿದ್ದಲು ಒಂದು ಲೆಕ್ಕ ಕೊಟ್ಟೆ: 69 ಸೆಂಟಿಮೀಟರ್ ತರಂಗದೂರದ ಶಬ್ದದ ಆವೃತ್ತಿ ಎಷ್ಟು? ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದರೆ ಉತ್ತರ ಸುಮಾರು 493 ಹರ್ಟ್ಸ್, ಹಾಡುವ ದನಿಯಷ್ಟು. ಕೀಯದು 43 ಕೋಟಿಗೂ ಮೇಲೆ. ಉದ್ದ ಒಂದೇ, ವೇಗ ಸುಮಾರು 8.8 ಲಕ್ಷ ಪಟ್ಟು ಬೇರೆ. ಒಂದಕ್ಕೆ ಮಾಧ್ಯಮ ಬೇಕು, ಇನ್ನೊಂದಕ್ಕೆ ಬೇಡ.

ತಪ್ಪು ಯಾರದು? ಪರೀಕ್ಷಿಸುವ ಕ್ರಮ

ಎರಡನೇ ಅವಧಿಯ ನಂತರ ಒಬ್ಬ ವಿದ್ಯಾರ್ಥಿನಿ ಬಂದು, “ಮಿಸ್, ಅಪ್ಪ ಕೀ ಬೀಳಿಸಿ ಹಾಳು ಮಾಡಿದ್ದಾರೆ ಅಂತ ಓನರ್ ಹೇಳ್ತಿದ್ದಾರೆ. ಹೊಸ ಕೀ ದುಡ್ಡು ಸಂಬಳದಲ್ಲಿ ಹಿಡ್ಕೋತಾರಂತೆ,” ಎಂದಳು. ಬೇಸ್‌ಮೆಂಟ್‌ನಲ್ಲಿ ಕೀ ಹಿಡಿಯುತ್ತಿರಲಿಲ್ಲ. ತೀರಾ ಹತ್ತಿರ ಹೋದರೆ ಹಿಡಿಯುತ್ತಿತ್ತು. ‘ಹತ್ತಿರ ಹೋದರೆ ಕೆಲಸ ಮಾಡುತ್ತದೆ, ಅಂದರೆ ಬ್ಯಾಟರಿ ವೀಕು’ ಎಂದು ತರಗತಿಯ ಹಲವರು ತೀರ್ಪು ಕೊಟ್ಟರು. ಆದರೆ ಅಡಚಣೆಯಿದ್ದಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಈ ಒಂದು ವೀಕ್ಷಣೆ ಎರಡು ಕಾರಣಗಳನ್ನು ಬೇರ್ಪಡಿಸದು. ಏನನ್ನು ಬದಲಿಸಿದರೆ ಬೇರ್ಪಡುತ್ತದೆ ಎಂದು ಯೋಚಿಸಿ ಮಕ್ಕಳು ಗುಂಪುಗಳಲ್ಲಿ ಈ ಪಟ್ಟಿ ಮಾಡಿದರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ನಿಯಮ.

ಅದೇ ಕೀ, ಅದೇ ಕಾರು, ಬೇರೆ ಜಾಗ: ಅಷ್ಟೇ ದೂರದಿಂದ ಕೆಲಸ ಮಾಡಿದರೆ ಕೀ ಸರಿ ಇದೆ.

ಸ್ಪೇರ್ ಕೀ, ಅದೇ ಕಾರು, ಅದೇ ಜಾಗ: ಅದೂ ಹಿಡಿಯದಿದ್ದರೆ ತೊಂದರೆ ಮೊದಲ ಕೀಯದಲ್ಲ.

ಅದೇ ಜಾಗದಲ್ಲಿ ಬೇರೆ ಕಾರು, ಅದರ ಕೀ: ಅದಕ್ಕೂ ತೊಂದರೆಯಾದರೆ ಜಾಗವನ್ನೇ ಅನುಮಾನಿಸಬೇಕು.

ಅದೇ ಕೀ, ಅದೇ ಕಾರು, ಅದೇ ಜಾಗ, ಬೇರೆ ಸಮಯ: ಕೆಲವು ಹೊತ್ತು ಮಾತ್ರ ಹಿಡಿದರೆ ಆನ್ ಆಫ್ ಆಗುವ ಸಾಧನ ಹತ್ತಿರವೆಲ್ಲೋ ಇರಬಹುದು.

ಈ ಪಟ್ಟಿಯನ್ನು ಅವಳು ಮನೆಗೆ ಒಯ್ದಳು. ಅವಳ ತಂದೆ ರಸ್ತೆಯಲ್ಲಿ ನಿಲ್ಲಿಸಿ ಇಪ್ಪತ್ತು ಹೆಜ್ಜೆ ದೂರದಿಂದ ಒತ್ತಿ ನೋಡಿದರು, ಕಾರು ತೆರೆಯಿತು. ಬೇಸ್‌ಮೆಂಟ್‌ನಲ್ಲಿ ಓನರ್ ಕೈಯಲ್ಲೇ ಇದ್ದ ಸ್ಪೇರ್ ಕೀ ಕೂಡ ಹಿಡಿಯಲಿಲ್ಲ. ಪಕ್ಕದ ಕಾರಿನ ಡ್ರೈವರ್ ತಮ್ಮದೂ ಅಲ್ಲಿ ಹಾಗೇ ಎಂದರು. ಇಷ್ಟಾದ ಮೇಲೆ ಸಂಬಳದ ಮಾತು ನಿಂತಿತೆಂದು ಅವಳು ಬಂದು ಹೇಳಿದಳು. ಅಡಚಣೆಯ ಮೂಲ ಯಾವ ಸಾಧನ ಎಂದು ಈ ಪರೀಕ್ಷೆ ಹೇಳುವುದಿಲ್ಲ, ಅದಕ್ಕೆ ದಿಕ್ಕು ಹುಡುಕುವ ರಿಸೀವರ್ ಬೇಕು. ಕೀ ಹಾಳಾಗಿಲ್ಲ ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳಿತು. ಆ ಮನೆಗೆ ಬೇಕಾಗಿದ್ದೂ ಅಷ್ಟೇ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. 315 ಮೆಗಾಹರ್ಟ್ಸ್ ಕೀಯ ತರಂಗದೂರ ಕಂಡುಹಿಡಿಯಿರಿ. 433.92 ಮೆಗಾಹರ್ಟ್ಸ್‌ನ ಕಾಲಿಂಗ್ ಬೆಲ್ ಆ ಕೀಗೆ ಅಡಚಣೆ ಮಾಡುವ ಸಾಧ್ಯತೆ ಹೆಚ್ಚೋ ಕಡಿಮೆಯೋ? ಕಾರಣ ಕೊಡಿ.

2. ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ರಿಮೋಟ್ ಕೆಲಸ ಮಾಡಿತು. ಇದು ವ್ಯತಿಕರಣವೋ ಅಡಚಣೆಯೋ? ಖಚಿತಪಡಿಸಿಕೊಳ್ಳಲು ಇನ್ನೇನು ಮಾಡುವಿರಿ?

3. “ಟವರ್ ಬಂದ ಮೇಲೆ ಕೀ ಹಿಡಿಯುತ್ತಿಲ್ಲ” ಎಂಬ ಹೇಳಿಕೆಯನ್ನು ಪರೀಕ್ಷಿಸಲು ಒಂದು ಯೋಜನೆ ಬರೆಯಿರಿ.

ಮೂರನೇ ಪ್ರಶ್ನೆಗೆ ಅಂಕ ಕೊಡುವಾಗ ಟವರ್ ಕಾರಣವೆಂದರೋ ಅಲ್ಲವೆಂದರೋ ಎಂಬುದನ್ನು ನಾನು ನೋಡಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದಾರೆಯೇ, ತಮ್ಮ ಊಹೆ ತಪ್ಪಾಗಿದ್ದರೆ ಏನು ಕಾಣಬೇಕೆಂದು ಬರೆದಿದ್ದಾರೆಯೇ ಎಂಬ ಎರಡನ್ನು ನೋಡಿದೆ. ಈ ಪಾಠವನ್ನು ಬಳಸುವ ಪ್ರಶಿಕ್ಷಣಾರ್ಥಿ ಮಿತ್ರರು ಎರಡು ಅವಧಿ ಇಟ್ಟುಕೊಳ್ಳಿ: ಮೊದಲನೆಯದರಲ್ಲಿ ವಿಷಯ ಮತ್ತು ಚಟುವಟಿಕೆ, ಎರಡನೆಯದರಲ್ಲಿ ಪರೀಕ್ಷೆಯ ಯೋಜನೆ. ಪ್ರೇಷಕ ತಯಾರಿಸುವ ಪ್ರಯೋಗ ಬೇಡ, ಕೀ ಬಿಚ್ಚುವುದೂ ಬೇಡ. ಒಂದು ಹಳೆಯ ರೇಡಿಯೊ, ಒಂದಿಷ್ಟು ಫಾಯಿಲ್ ಮತ್ತು ಮಕ್ಕಳ ಮನೆಯ ಅನುಭವ ಇದ್ದರೆ ಸಾಕು.